ತರಗತಿಯೊಳಗೆ ಒಂದು ಗಂಟೆ



ನಿಮ್ಮ ಮಗುವಿನ ಶಾಲೆಯ ಗೇಟಿನವರೆಗೆ ನೀವು ಎಷ್ಟೋ ಸಲ ಹೋಗಿರುತ್ತೀರಿ. ಮಳೆ ಬಂದಾಗ ಕೊಡೆ ಹಿಡಿದುಕೊಂಡು ಹೋಗಿದ್ದೀರಿ, ಮರೆತ ಪುಸ್ತಕ ಕೊಡಲು ಹೋಗಿದ್ದೀರಿ, ಜ್ವರ ಬಂದಾಗ ಕರೆತರಲು ಹೋಗಿದ್ದೀರಿ. ಆದರೆ ಮಗು ದಿನದ ಐದಾರು ಗಂಟೆ ಕಳೆಯುವ ಆ ಕೋಣೆಯ ಒಳಗೆ, ಪಾಠ ನಡೆಯುತ್ತಿರುವಾಗ, ನೀವು ಎಷ್ಟು ಸಲ ಕುಳಿತಿದ್ದೀರಿ?

ಈ ಪ್ರಶ್ನೆಯನ್ನು ತುಮಕೂರು ನಗರದಲ್ಲಿ, ಗುಬ್ಬಿಯಲ್ಲಿ, ಕುಣಿಗಲ್‌ನಲ್ಲಿ ಅನೇಕ ತಾಯಂದಿರಲ್ಲಿ ಕೇಳಿದ್ದೇನೆ. ಉತ್ತರ ಬಹುಮಟ್ಟಿಗೆ ಒಂದೇ. "ಟೀಚರ್ ಕರೆದರೆ ಹೋಗುತ್ತೇವೆ. ಕರೆಯದೆ ಹೇಗೆ ಹೋಗೋದು?" ಇನ್ನು ಕೆಲವರು ತಲೆ ತಗ್ಗಿಸಿ ಹೇಳುತ್ತಾರೆ: "ನಮಗೆ ಓದು ಬರೋದಿಲ್ಲ, ಕನ್ನಡವೂ ಸರಿಯಾಗಿ ಬರೋದಿಲ್ಲ. ಅಲ್ಲಿ ಹೋಗಿ ನಾವೇನು ನೋಡೋದು?"

ಕರೆದರೆ ಹೋಗುತ್ತೇವೆ ಎನ್ನುವುದು ಸರಿ. ಆದರೆ ಕರೆಯುವುದು ಯಾವಾಗ? ಮಗು ಯಾರಿಗೋ ಹೊಡೆದಾಗ, ಹೋಂವರ್ಕ್ ಮಾಡದಿದ್ದಾಗ, ಪರೀಕ್ಷೆಯಲ್ಲಿ ಹಿಂದೆ ಬಿದ್ದಾಗ. ಹೀಗಾಗಿ "ನಾಳೆ ನಿಮ್ಮ ಅಮ್ಮನನ್ನು ಕರೆದುಕೊಂಡು ಬಾ" ಎಂಬ ಮಾತು ನಮ್ಮ ಮಕ್ಕಳ ಕಿವಿಗೆ ಬೆದರಿಕೆಯಂತೆ ಕೇಳಿಸುತ್ತದೆ. ತಾಯಿ ಶಾಲೆಗೆ ಬಂದಳೆಂದರೆ ಮಗುವಿಗೆ ಅಂದು ಅವಮಾನದ ದಿನ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿಸುವ ವ್ಯಕ್ತಿ ಶಾಲೆಯ ಬಾಗಿಲಲ್ಲಿ ಕಾಣಿಸಿಕೊಂಡಾಗ ಮಗು ಹೆದರಬೇಕಾಗಿ ಬಂದರೆ, ಎಲ್ಲೋ ಏನೋ ತಲೆಕೆಳಗಾಗಿದೆ ಎಂದೇ ಅರ್ಥ.

ಈ ತಿಂಗಳು ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ದೂರು ಇಲ್ಲದ ದಿನ, ಎಲ್ಲವೂ ಸರಿಯಾಗಿರುವ ದಿನ, ಮುಖ್ಯ ಶಿಕ್ಷಕರ ಅನುಮತಿ ಪಡೆದು ಒಂದು ಗಂಟೆ ನಿಮ್ಮ ಮಗುವಿನ ತರಗತಿಯಲ್ಲಿ ಕುಳಿತು ಬನ್ನಿ. ಓದು ಬರುವುದಿಲ್ಲ ಎಂಬ ತಾಯಂದಿರು ಖಂಡಿತ ಹೋಗಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ಪಾರಾ ಗೊತ್ತು, ಪಾಠ ಗೊತ್ತಿಲ್ಲ

ನಮ್ಮ ಮನೆಗಳಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಬೆಳಿಗ್ಗೆ ಮದ್ರಸಕ್ಕೆ ಹೋಗುವ ಮಗು ಎಷ್ಟನೇ ಪಾರಾದಲ್ಲಿದೆ, ನಿನ್ನೆಯ ಸಬಕ್ ಒಪ್ಪಿಸಿದೆಯೇ ಇಲ್ಲವೇ, ಯಾವ ಅಕ್ಷರದ ಉಚ್ಚಾರದಲ್ಲಿ ಎಡವುತ್ತಿದೆ ಎಂಬುದೆಲ್ಲ ತಾಯಿಗೆ ಗೊತ್ತಿರುತ್ತದೆ. ಹಜ್ರತ್ ದಾರಿಯಲ್ಲಿ ಸಿಕ್ಕಿದರೆ ತಂದೆ ನಿಂತು ವಿಚಾರಿಸುತ್ತಾರೆ. ರಾತ್ರಿ ಅಡುಗೆ ಮಾಡುತ್ತಲೇ ತಾಯಿ ಸಬಕ್ ಕೇಳುತ್ತಾಳೆ. ಮಗು ತಡವರಿಸಿದರೆ "ಇನ್ನೊಂದು ಸಲ ಹೇಳು" ಎನ್ನುತ್ತಾಳೆ.

ಅದೇ ಮಗು ಶಾಲೆಯಲ್ಲಿ ಯಾವ ಪಾಠದಲ್ಲಿದೆ, ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದು ಬಂದಿದೆಯೇ, ಒತ್ತಕ್ಷರ ಓದಲು ಬರುತ್ತದೆಯೇ ಎಂದು ಕೇಳಿದರೆ ಮನೆಯವರು ಸುಮ್ಮನಾಗುತ್ತಾರೆ. "ಪಾಸಾಗಿದ್ದಾಳೆ" ಎನ್ನುತ್ತಾರೆ, ಅಷ್ಟೆ.

ಮಕ್ಕಳ ಓದಿನ ಬಗ್ಗೆ ಕಾಳಜಿ ಇಲ್ಲದ್ದರಿಂದ ಹೀಗಾಗಿದೆಯೇ? ಖಂಡಿತ ಅಲ್ಲ. ಮುಸ್ಲಿಮರು ಮಕ್ಕಳನ್ನು ಮದ್ರಸಕ್ಕೇ ಕಳಿಸುತ್ತಾರೆ, ಶಾಲೆ ಬೇಡವೆನ್ನುತ್ತಾರೆ ಎಂಬುದು ಹೊರಗಿನವರ ತಪ್ಪು ಕಲ್ಪನೆ. 2006ರ ಸಾಚಾರ್ ಸಮಿತಿಯ ವರದಿ ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಪೂರ್ಣಾವಧಿ ಮದ್ರಸಗಳಲ್ಲಿ ಓದುವವರು ನೂರಕ್ಕೆ ಮೂರು ನಾಲ್ಕು ಮಂದಿ ಮಾತ್ರ ಎಂದು ತೋರಿಸಿತು. ಅದೇ ವರದಿ ಇನ್ನೊಂದು ಕಹಿ ಸತ್ಯವನ್ನೂ ಹೇಳಿತು. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಆಗ ನಾಲ್ಕರಲ್ಲೊಬ್ಬರು ಒಂದೋ ಶಾಲೆಯ ಮುಖವನ್ನೇ ನೋಡಿರಲಿಲ್ಲ, ಇಲ್ಲವೇ ಮಧ್ಯದಲ್ಲಿ ಬಿಟ್ಟಿದ್ದರು. ಅಂದರೆ ನಾವು ಮಕ್ಕಳನ್ನು ಶಾಲೆಗೆ ಸೇರಿಸುತ್ತೇವೆ, ಆದರೆ ಅಲ್ಲಿ ಉಳಿಸಿಕೊಳ್ಳಲು ಆಗುತ್ತಿಲ್ಲ. ಸೇರಿಸಲು ಒಂದು ದಿನ ಸಾಕು. ಉಳಿಸಿಕೊಳ್ಳಲು ಶಾಲೆಯ ಜೊತೆ ವರ್ಷವಿಡೀ ಒಂದು ಸಂಬಂಧ ಬೇಕು. ಮದ್ರಸದ ಜೊತೆ ನಮಗಿರುವ ಆ ಸಲುಗೆ ಶಾಲೆಯ ಜೊತೆ ಬೆಳೆದಿಲ್ಲ.

ಕಾನೂನು ನಿಮ್ಮ ಜೊತೆಗಿದೆ

"ಶಾಲೆ ಸರ್ಕಾರದ್ದು, ನಾವು ಹೋಗಿ ಕುಳಿತರೆ ಬೈಯುತ್ತಾರೇನೋ" ಎಂಬ ಅಳುಕು ಕೆಲವರಿಗಿದೆ. ಆ ಅಳುಕು ಬೇಡ.

ಕರ್ನಾಟಕ ಸರ್ಕಾರ 2001ರ ಏಪ್ರಿಲ್ 28ರ ಆದೇಶದ ಮೂಲಕ ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ತಂದಿತು. ನಾವೆಲ್ಲ ಎಸ್‌ಡಿಎಂಸಿ ಎನ್ನುವುದು ಇದನ್ನೇ. ಪೋಷಕರೇ ಈ ಸಮಿತಿಯ ಬೆನ್ನೆಲುಬು. ಮುಂದೆ 2009ರಲ್ಲಿ ಕೇಂದ್ರದ ಶಿಕ್ಷಣ ಹಕ್ಕು ಕಾಯಿದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಗೂ ಬಂತು. ಅದರ 21ನೇ ಸೆಕ್ಷನ್ನಿನ ಪ್ರಕಾರ ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆ-ತಾಯಿ ಅಥವಾ ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಮಂದಿ ಮಹಿಳೆಯರಾಗಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಬಂದ ಹಣ ಹೇಗೆ ಖರ್ಚಾಯಿತು ಎಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯ ಕೆಲಸ.

ಇನ್ನೂ ಮುಖ್ಯವಾದದ್ದು 24ನೇ ಸೆಕ್ಷನ್. ಶಿಕ್ಷಕರ ಕರ್ತವ್ಯಗಳನ್ನು ಅದು ಪಟ್ಟಿ ಮಾಡುತ್ತದೆ. ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸುವುದು, ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಇವುಗಳನ್ನು ತಿಳಿಸುವುದು ಆ ಪಟ್ಟಿಯಲ್ಲಿದೆ. ಆದ್ದರಿಂದ ನೀವು ಹೋಗಿ ಮಗುವಿನ ಬಗ್ಗೆ ಕೇಳಿದರೆ ಅದು ಯಾರ ಮುಂದೆಯೂ ಅಂಗಲಾಚಿದಂತೆ ಅಲ್ಲ. ಹಾಗೆಂದು ಬೇಕೆಂದಾಗ ತರಗತಿಗೆ ನುಗ್ಗಬಹುದು ಎಂದು ಕಾನೂನು ಹೇಳುವುದಿಲ್ಲ. ಮೊದಲೇ ಕೇಳಿ, ಅವರು ಹೇಳಿದ ದಿನ ಹೋಗುವುದೇ ಕ್ರಮ.

ಮಧ್ಯಾಹ್ನದ ಬಿಸಿಯೂಟದ ವಿಷಯದಲ್ಲಂತೂ ತಾಯಂದಿರು ಸರತಿಯಂತೆ ಬಂದು ಊಟ ನೋಡುವುದನ್ನು ಯೋಜನೆಯ ಮಾರ್ಗಸೂಚಿಯೇ ಪ್ರೋತ್ಸಾಹಿಸುತ್ತದೆ. ಮೊದಲ ಭೇಟಿಗೆ ಧೈರ್ಯ ಸಾಲದಿದ್ದರೆ ಊಟದ ಹೊತ್ತಿಗೆ ಹೋಗಿ. ಅನ್ನ ಬೆಂದಿದೆಯೇ, ಸಾಂಬಾರಿನಲ್ಲಿ ತರಕಾರಿ ಇದೆಯೇ ಎಂದು ನೋಡಲು ಯಾವ ಶಾಲೆಯಲ್ಲೂ ಓದಿರಬೇಕಾಗಿಲ್ಲ. ಆ ವಿದ್ಯೆಯಲ್ಲಿ ನೀವೇ ಪಂಡಿತರು!

ಓದು ಬಾರದ ತಾಯಿ ಏನು ನೋಡಬಲ್ಲಳು?

ಗುಬ್ಬಿಯಲ್ಲಿ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಆಕೆಗೆ ಉರ್ದುವಾಗಲಿ ಕನ್ನಡವಾಗಲಿ ಓದಲು ಬರುವುದಿಲ್ಲ. ಮಗಳು ನಾಲ್ಕನೇ ತರಗತಿ. ನೋಟ್‌ಬುಕ್ಕಿನ ತುಂಬ ದುಂಡಗಿನ ಅಕ್ಷರ. ಪ್ರಗತಿ ಪತ್ರದಲ್ಲೂ ಒಳ್ಳೆಯ ದರ್ಜೆ. ನೆರೆಹೊರೆಯವರೆಲ್ಲ ಹೊಗಳುವವರೇ. ಶಿಕ್ಷಕಿಯೊಬ್ಬರ ಒತ್ತಾಯಕ್ಕೆ ಈ ತಾಯಿ ಒಂದು ದಿನ ತರಗತಿಯ ಹಿಂದೆ ಚಾಪೆಯ ಮೇಲೆ ಕುಳಿತರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತು ಓದುತ್ತಿದ್ದರು. ಮಗಳ ಸರದಿ ಬಂದಾಗ ಅವಳೂ ಓದಿದಳು, ತಡವರಿಸಲಿಲ್ಲ. ಹೊರಗೆ ಬಂದ ಮೇಲೆ ತಾಯಿ ಶಿಕ್ಷಕಿಯನ್ನು ಮೆಲ್ಲಗೆ ಕೇಳಿದರು: "ಮಿಸ್, ಬೇರೆ ಮಕ್ಕಳು ಓದುವಾಗ ಬೆರಳು ಸಾಲಿನ ಮೇಲೆ ಹೋಗುತ್ತಿತ್ತು, ಕಣ್ಣು ಪುಸ್ತಕದಲ್ಲಿತ್ತು. ನನ್ನ ಮಗಳ ಕಣ್ಣು ಗೋಡೆಯ ಮೇಲಿತ್ತಲ್ಲ?"

ಶಿಕ್ಷಕಿ ಮಾರನೆಯ ದಿನ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಹಿಂದೆ ನೋಡಿರದ ಒಂದು ಪುಟ ಕೊಟ್ಟರು. ಅವಳಿಗೆ ಮೂರು ಪದ ಓದಲಾಗಲಿಲ್ಲ. ಕಿವಿ ಚುರುಕು, ಕೇಳಿದ್ದೆಲ್ಲ ಬಾಯಿಪಾಠ. ಹಲಗೆಯಲ್ಲಿದ್ದದ್ದನ್ನು ಚಿತ್ರ ಬರೆದಂತೆ ಚಂದವಾಗಿ ಇಳಿಸುತ್ತಿದ್ದಳು. ನಲವತ್ತು ಮಕ್ಕಳ ತರಗತಿಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಕ್ಷರ ಬಾರದ ತಾಯಿಯ ಕಣ್ಣಿಗೆ ಬಿತ್ತು. ಯಾಕೆಂದರೆ ಆ ಕೋಣೆಯಲ್ಲಿ ಆ ಒಂದು ಮಗುವನ್ನು ಮಾತ್ರ ಒಂದು ಗಂಟೆ ನೋಡುವ ಪುರುಸೊತ್ತು ಇದ್ದದ್ದು ಅವರೊಬ್ಬರಿಗೇ.

ಸಹೋದರಿಯರೇ, ಶಿಕ್ಷಕರಿಗೆ ಮಕ್ಕಳು ಗೊತ್ತು. ನಿಮಗೆ ನಿಮ್ಮ ಮಗು ಗೊತ್ತು. ಈ ಎರಡು ಅರಿವೂ ಒಂದೇ ಕೋಣೆಯಲ್ಲಿ ಸೇರಬೇಕು. ತರಗತಿಯಲ್ಲಿ ಕುಳಿತಾಗ ಇವುಗಳನ್ನು ನೋಡಿ. ಇದಾವುದಕ್ಕೂ ಅಕ್ಷರ ಬೇಕಾಗಿಲ್ಲ.

ಮಗು ಎಲ್ಲಿ ಕುಳಿತಿದೆ? ತಾನಾಗಿ ಹಿಂದೆ ಹೋಗಿ ಮೂಲೆ ಹಿಡಿದಿದೆಯೇ? ಪಕ್ಕದಲ್ಲಿ ಯಾರಿದ್ದಾರೆ, ಅವರೊಡನೆ ನಗುತ್ತದೆಯೇ?

ಹಲಗೆ ನೋಡುವಾಗ ಕಣ್ಣು ಕಿರಿದು ಮಾಡುತ್ತದೆಯೇ? ಪಕ್ಕದ ಮಗುವಿನ ಪುಸ್ತಕ ನೋಡಿ ಬರೆಯುತ್ತದೆಯೇ? ಹೌದಾದರೆ ಮಗು ದಡ್ಡ ಎನ್ನುವ ಮೊದಲು ಕಣ್ಣು ತೋರಿಸಿ. ಸರ್ಕಾರಿ ಶಾಲೆಯ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಉಚಿತ ಆರೋಗ್ಯ ತಪಾಸಣೆ ಇದೆ, ಶಿಕ್ಷಕರಲ್ಲಿ ವಿಚಾರಿಸಿ. ಹಿಂದಿನಿಂದ ಕರೆದರೆ ತಿರುಗದ ಮಗುವಿಗೆ ಕಿವಿಯ ತೊಂದರೆ ಇರಬಹುದು.

ಪ್ರಶ್ನೆ ಕೇಳಿದಾಗ ಕೈ ಎತ್ತುತ್ತದೆಯೇ? ಮನೆಯಲ್ಲಿ ಬಾಯಿ ಮುಚ್ಚದ ಹುಡುಗ ತರಗತಿಯಲ್ಲಿ ಮೂಗನಂತೆ ಕುಳಿತಿದ್ದರೆ ಅದಕ್ಕೆ ಕಾರಣವಿರುತ್ತದೆ. ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ದಖನಿ ಉರ್ದು ಮಾತಾಡಿ ಕನ್ನಡ ಮಾಧ್ಯಮದ ಒಂದನೇ ತರಗತಿಗೆ ಬರುತ್ತಾರೆ. ಉತ್ತರ ಗೊತ್ತಿದ್ದರೂ ಅದನ್ನು ಹೇಳುವ ಪದ ಗೊತ್ತಿರುವುದಿಲ್ಲ. "ನಮ್ಮ ಮನೆಯ ಮಾತು ಬೇರೆ, ಸ್ವಲ್ಪ ಸಮಯ ಕೊಡಿ ಟೀಚರ್" ಎಂದು ನೀವು ಹೇಳಿದರೆ ಶಿಕ್ಷಕಿಗೂ ದಾರಿ ತಿಳಿಯುತ್ತದೆ.

ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ ಇದೆಯೇ? ತಿದ್ದಿದ ಗುರುತು, ಸಹಿ, ದಿನಾಂಕ ಇವುಗಳನ್ನು ಓದದೆಯೂ ಗುರುತಿಸಬಹುದು.

ಕೊನೆಯದಾಗಿ, ಶೌಚಾಲಯ. ನೀರು ಬರುತ್ತದೆಯೇ? ಬಾಗಿಲಿಗೆ ಚಿಲಕ ಇದೆಯೇ? "ಶಾಲೆಯಿಂದ ಬಂದವಳೇ ಬಚ್ಚಲಿಗೆ ಓಡುತ್ತಾಳೆ" ಎಂದು ತಾಯಂದಿರು ನಗುತ್ತಾ ಹೇಳುವುದನ್ನು ಕೇಳಿದ್ದೇನೆ. ಅದು ನಗುವ ವಿಷಯವಲ್ಲ. ಆ ಹುಡುಗಿ ಬೆಳಿಗ್ಗೆಯಿಂದ ನೀರು ಕುಡಿಯದೆ ಕುಳಿತಿರುತ್ತಾಳೆ. ಇದು ಹೆಚ್ಚಾಗಿ ತಾಯಿ ಹೋಗಿ ನೋಡಿದಾಗಲೇ ಗೊತ್ತಾಗುತ್ತದೆ, ತಂದೆಗೆ ಹೇಳಲು ಮಗಳು ನಾಚುತ್ತಾಳೆ.

ನಲಿ ಕಲಿ ಕೋಣೆಗೆ ಹೋದಾಗ

ಒಂದರಿಂದ ಮೂರನೇ ತರಗತಿಯ ನಲಿ ಕಲಿ ಕೋಣೆಗೆ ಹೋದ ಕೆಲವು ಹೆತ್ತವರು ಗಾಬರಿಯಾಗಿ ಬರುತ್ತಾರೆ. "ಅಲ್ಲಿ ಪಾಠವೇ ನಡೆಯುತ್ತಿಲ್ಲ, ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕುಳಿತು ಆಡುತ್ತಿದ್ದಾರೆ, ಟೀಚರ್ ಕೆಳಗೆ ಕುಳಿತಿದ್ದಾರೆ" ಎನ್ನುತ್ತಾರೆ. ಅಲ್ಲಿ ಪಾಠ ನಡೆಯುವುದೇ ಹಾಗೆ.

ನಲಿ ಕಲಿ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ಋಷಿವ್ಯಾಲಿಯಲ್ಲಿ ಹಳ್ಳಿಯ ಮಕ್ಕಳಿಗೆ ಕಲಿಸುವ ಬಗೆಯನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಇದನ್ನು ರೂಪಿಸಿದರು. 2009-10ರಲ್ಲಿ ಇದು ರಾಜ್ಯದ ಉದ್ದಗಲಕ್ಕೂ ಹರಡಿತು.

ಇದರಲ್ಲಿ ಪಾಠಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಮಾಡಿ ಕಾರ್ಡುಗಳಲ್ಲಿ ಇಟ್ಟಿರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮೆಟ್ಟಿಲಿಗೂ ಒಂದೊಂದು ಚಿತ್ರದ ಗುರುತು. ಮಗು ಆ ಗುರುತು ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಆಮೇಲೆ ಐದು ಗುಂಪುಗಳಲ್ಲಿ ತನಗೆ ಹೇಳಿದ ಗುಂಪಿಗೆ ಹೋಗಿ ಕುಳಿತುಕೊಳ್ಳುತ್ತದೆ. ಮೊದಲ ಗುಂಪಿನಲ್ಲಿ ಶಿಕ್ಷಕರ ಪೂರ್ಣ ಸಹಾಯ, ಎರಡನೆಯದರಲ್ಲಿ ಸ್ವಲ್ಪ ಸಹಾಯ. ಮೂರು ಮತ್ತು ನಾಲ್ಕನೆಯದರಲ್ಲಿ ಜೊತೆಯ ಮಕ್ಕಳ ಸಹಾಯ. ಐದನೆಯದರಲ್ಲಿ ಮಗು ಸ್ವಂತವಾಗಿ ಮಾಡುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟಕುವ ಕಪ್ಪು ಹಲಗೆ, ತಲೆಯ ಮೇಲೆ ಮಕ್ಕಳು ಮಾಡಿದ ಚಿತ್ರ, ಬರಹಗಳನ್ನು ತೂಗುಹಾಕುವ ಚಪ್ಪರ.

ಓದು ಬಾರದ ತಾಯಿಗೆ ಇದಕ್ಕಿಂತ ಅನುಕೂಲವಾದ ತರಗತಿ ಬೇರೆ ಇಲ್ಲ. "ಏಣಿಯಲ್ಲಿ ನೀನು ಎಲ್ಲಿದ್ದೀಯ, ತೋರಿಸು" ಎಂದು ಮಗುವನ್ನು ಕೇಳಿ. ಬೆರಳಿಟ್ಟು ತೋರಿಸುತ್ತದೆ. ಎರಡು ತಿಂಗಳ ನಂತರ ಹೋಗಿ ಮತ್ತೆ ಕೇಳಿ. ಬೆರಳು ಮೇಲಕ್ಕೆ ಹೋಗಿದ್ದರೆ ಸಂತೋಷಪಡಿ, ಅಲ್ಲೇ ನಿಂತಿದ್ದರೆ ಶಿಕ್ಷಕಿಯೊಡನೆ ಮಾತಾಡಿ. ಮಗು ಹೆಚ್ಚು ದಿನ ಶಾಲೆ ತಪ್ಪಿಸಿದರೆ ಏಣಿಯಲ್ಲಿ ಅಲ್ಲೇ ಉಳಿಯುತ್ತದೆ. ಮದುವೆ, ಉರೂಸ್, ನೆಂಟರ ಮನೆ ಎಂದು ವಾರಗಟ್ಟಲೆ ಮಗುವನ್ನು ಕರೆದೊಯ್ಯುವ ನಮ್ಮ ಅಭ್ಯಾಸಕ್ಕೆ ಎಷ್ಟು ಬೆಲೆ ತೆರುತ್ತಿದ್ದೇವೆ ಎಂಬುದು ಆ ಗೋಡೆಯ ಮುಂದೆ ನಿಂತಾಗ ಅರ್ಥವಾಗುತ್ತದೆ.

ಹೋಗುವ ಮೊದಲು, ಬಂದ ನಂತರ

ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ 'ಜುಗ್ಯೋ ಸಾಂಕನ್' ಎಂಬ ಪದ್ಧತಿ ಇದೆ. ವರ್ಷಕ್ಕೆ ಕೆಲವು ದಿನ ಹೆತ್ತವರು ಬಂದು ತರಗತಿಯ ಹಿಂದೆ ನಿಂತು ಪಾಠ ನೋಡುತ್ತಾರೆ. ಅದು ಅಲ್ಲಿ ಶಾಲಾ ವರ್ಷದ ಒಂದು ಮಾಮೂಲು ದಿನ. ನಮ್ಮಲ್ಲಿ 'ಸಮುದಾಯದತ್ತ ಶಾಲೆ' ಕಾರ್ಯಕ್ರಮದಲ್ಲಿ ಪೋಷಕರನ್ನು ಕರೆದು ಮಕ್ಕಳ ಕಲಿಕೆಯನ್ನು ತೋರಿಸುವ ಕ್ರಮ ಬಂತು. ಅದರಲ್ಲಿ ಮಕ್ಕಳು ತಯಾರಾಗಿ ಬಂದಿರುತ್ತಾರೆ, ಅದು ಹಬ್ಬದ ದಿನದಂತೆ. ನಾನು ಹೇಳುತ್ತಿರುವುದು ಹಬ್ಬವಲ್ಲದ ದಿನದ ಭೇಟಿ.

ಅದಕ್ಕೂ ಒಂದಿಷ್ಟು ಅದಬ್ ಇದೆ. ಎರಡು ದಿನ ಮೊದಲೇ ಮುಖ್ಯ ಶಿಕ್ಷಕರಿಗೆ ತಿಳಿಸಿ. "ನನ್ನ ಮಗು ಹೇಗೆ ಕಲಿಯುತ್ತದೆ ಎಂದು ನೋಡುವ ಆಸೆ, ಮನೆಯಲ್ಲಿ ನಾನೇನು ಮಾಡಬೇಕು ಎಂದು ತಿಳಿಯಬೇಕು" ಎನ್ನಿ. ಪರೀಕ್ಷೆಯ ಸಮಯ, ಜೂನ್ ಮೊದಲ ವಾರದ ಗದ್ದಲ ಬೇಡ. ಒಬ್ಬರೇ ಹೋಗಲು ಸಂಕೋಚವಾದರೆ, ಅಥವಾ ಪುರುಷ ಶಿಕ್ಷಕರಿರುವ ತರಗತಿಯಾದರೆ, ನಾದಿನಿಯನ್ನೋ ಪಕ್ಕದ ಮನೆಯ ತಾಯಿಯನ್ನೋ ಜೊತೆಗೆ ಕರೆದುಕೊಳ್ಳಿ. ಬುರ್ಖಾ ಹಾಕಿಕೊಂಡು ಹೇಗೆ ಹೋಗುವುದು ಎನ್ನುವವರಿದ್ದಾರೆ. ಆಸ್ಪತ್ರೆಗೆ, ಬ್ಯಾಂಕಿಗೆ, ಪಡಿತರದ ಅಂಗಡಿಗೆ ಹೇಗೆ ಹೋಗುತ್ತೀರೋ ಹಾಗೆಯೇ.

ಮೊಬೈಲನ್ನು ಆರಿಸಿ ಚೀಲದಲ್ಲಿಡಿ. ತರಗತಿಯ ಫೋಟೋ, ವಿಡಿಯೋ ತೆಗೆಯಬೇಡಿ, ಅಲ್ಲಿ ಬೇರೆಯವರ ಮಕ್ಕಳೂ ಇದ್ದಾರೆ. ಪಾಠದ ನಡುವೆ ಮಾತಾಡಬೇಡಿ. ಮಗುವಿಗೆ ಉತ್ತರ ಹೇಳಿಕೊಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿಯೇ ಮಗುವನ್ನು ಗದರಿಸಬೇಡಿ, "ನೋಡು, ಅವಳು ಎಷ್ಟು ಚೆನ್ನಾಗಿ ಓದುತ್ತಾಳೆ" ಎಂದು ಹೋಲಿಸಬೇಡಿ.

ಹೊರಡುವಾಗ ಶಿಕ್ಷಕಿಯಲ್ಲಿ ಎರಡೇ ಪ್ರಶ್ನೆ ಕೇಳಿ. ನನ್ನ ಮಗುವಿಗೆ ಏನು ಚೆನ್ನಾಗಿ ಬರುತ್ತದೆ? ಈಗ ಯಾವುದರಲ್ಲಿ ಕಷ್ಟಪಡುತ್ತಿದೆ? "ಚೆನ್ನಾಗಿದ್ದಾಳೆ, ತೊಂದರೆ ಇಲ್ಲ" ಎಂದರೆ ಅಷ್ಟಕ್ಕೇ ಬಿಡಬೇಡಿ, ವಿನಯದಿಂದ ಒಂದು ಪುಟ ಓದಿಸಿ ತೋರಿಸಲು ಕೇಳಿ. ಕೊರತೆ ಕಂಡರೆ ಅದನ್ನು ತರಗತಿಯಲ್ಲಿ ಎಲ್ಲರೆದುರು ಎತ್ತಬೇಡಿ, ಬೀದಿಯಲ್ಲಿ ಹರಡಬೇಡಿ. ಮೊದಲು ಶಿಕ್ಷಕರಲ್ಲಿ, ಆಮೇಲೆ ಮುಖ್ಯ ಶಿಕ್ಷಕರಲ್ಲಿ, ಆಗಲೂ ಸರಿಯಾಗದಿದ್ದರೆ ಎಸ್‌ಡಿಎಂಸಿಯಲ್ಲಿ.

ಆ ರಾತ್ರಿ ಮನೆಯಲ್ಲಿ ಮಗುವಿಗೆ ನೀವು ಕಂಡ ಒಂದು ಒಳ್ಳೆಯ ವಿಷಯ ಹೇಳಿ. "ನೀನು ನಿನ್ನ ಪೆನ್ಸಿಲನ್ನು ಆ ಹುಡುಗಿಗೆ ಕೊಟ್ಟೆಯಲ್ಲ, ನೋಡಿದೆ" ಎಂದರೆ ಸಾಕು. ಬಳಿಕ, ಸಬಕ್ ಕೇಳುವ ಹಾಗೆಯೇ ದಿನಕ್ಕೆ ಹದಿನೈದು ನಿಮಿಷ ಶಾಲೆಯ ಪಾಠವನ್ನೂ ಓದಿಸಿ ಕೇಳಿ. ಅಕ್ಷರ ನಿಮಗೆ ತಿಳಿಯಬೇಕಾಗಿಲ್ಲ. ಮಗು ತಡವರಿಸುವುದು ತಿಳಿಯುತ್ತದೆ. ಬೆರಳು ಸಾಲಿನ ಮೇಲಿದೆಯೇ ಎಂಬುದು ಕಾಣುತ್ತದೆ. ಗುಬ್ಬಿಯ ಆ ತಾಯಿ ಮಾಡಿದ್ದೂ ಇಷ್ಟೇ. ಶಿಕ್ಷಕಿ ಮಧ್ಯಾಹ್ನದ ಬಿಡುವಿನಲ್ಲಿ ಹುಡುಗಿಗೆ ಕಾಗುಣಿತದಿಂದ ಶುರು ಮಾಡಿದರು, ತಾಯಿ ರಾತ್ರಿ ಬೆರಳು ನೋಡುತ್ತಾ ಕುಳಿತರು. ವರ್ಷದ ಕೊನೆಗೆ ಆ ಹುಡುಗಿ ನಿಧಾನವಾಗಿ, ಆದರೆ ನಿಜವಾಗಿ ಓದುತ್ತಿದ್ದಳು.

ದುಡಿಮೆ ಬಿಟ್ಟು ಹೇಗೆ ಹೋಗುವುದು?

ಇದು ನ್ಯಾಯವಾದ ಪ್ರಶ್ನೆ. ತುಮಕೂರಿನಲ್ಲಿ ಬೀಡಿ ಕಟ್ಟುವ ತಾಯಿಗೆ ಒಂದು ಬೆಳಗು ಹೋದರೆ ಅಷ್ಟು ಬೀಡಿಯ ಕೂಲಿ ಹೋಯಿತು. ಗಾರ್ಮೆಂಟ್ಸ್‌ಗೆ ಹೋಗುವವರಿಗೆ ರಜೆ ಸಿಗುವುದು ಕಷ್ಟ. ಕುಣಿಗಲ್‌ನಿಂದ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ತಂದೆ ಮನೆಗೆ ಬರುವಾಗ ಮಗು ಮಲಗಿರುತ್ತದೆ. ಅವರ ಕಷ್ಟ ಅರಿಯದೆ ಉಪದೇಶ ಮಾಡುವುದು ಸುಲಭ. ಆದುದರಿಂದ ನಾನು ತಿಂಗಳಿಗೊಮ್ಮೆ ಎನ್ನುವುದಿಲ್ಲ. ವರ್ಷಕ್ಕೆ ಮೂರು ಗಂಟೆ ಸಾಕು. ಒಂದು ಆಗಸ್ಟ್ ಸುಮಾರಿಗೆ, ಒಂದು ದಸರಾ ರಜೆಯ ನಂತರ, ಒಂದು ಜನವರಿಯಲ್ಲಿ.

ಶನಿವಾರ ಶಾಲೆ ಬೆಳಿಗ್ಗೆಯೇ ಇರುತ್ತದೆ, ಮುಗಿಸಿ ಕೆಲಸಕ್ಕೆ ಹೋಗಬಹುದು. ನಮ್ಮ ಎಷ್ಟೋ ಗ್ಯಾರೇಜು, ಅಂಗಡಿಗಳಿಗೆ ಶುಕ್ರವಾರ ರಜೆ. ಜುಮಾದ ಮೊದಲು ಒಂದು ಗಂಟೆ ತಂದೆ ಶಾಲೆಯಲ್ಲಿ ಕಳೆಯಬಹುದು. ಮಕ್ಕಳ ಓದು ತಾಯಿಯ ಹೊಣೆ ಎಂದು ತಂದೆಯರು ಕೈ ತೊಳೆದುಕೊಳ್ಳುವಂತಿಲ್ಲ. ಈ ಪುಟವನ್ನು ಅವರಿಗೂ ಓದಿ ಹೇಳಿ. ಇಬ್ಬರಿಗೂ ಆಗದಿದ್ದರೆ ಅಜ್ಜಿ ಹೋಗಲಿ, ಓದಿದ ಚಿಕ್ಕಮ್ಮ ಹೋಗಲಿ. ಮನೆಯಿಂದ ಒಬ್ಬರು ಬಂದರು ಎಂಬುದು ಮಗುವಿಗೆ ಮುಖ್ಯ.

ಹೋದವರು ನೋಡುವುದಷ್ಟೇ ಅಲ್ಲ, ಕೊಟ್ಟೂ ಬರಬಹುದು. ಟೇಲರ್ ತಂದೆ ಅಳತೆಯ ಟೇಪು ಹಿಡಿದು ನಾಲ್ಕನೇ ತರಗತಿಯಲ್ಲಿ ನಿಂತರೆ ಸೆಂಟಿಮೀಟರು, ಇಂಚು ಎಂಬುದು ಮಕ್ಕಳಿಗೆ ಅಂಗಿಯ ಕಾಲರಿನ ಹಾಗೆ ಕೈಗೆ ಸಿಗುತ್ತದೆ. ಹಣ್ಣು ಮಾರುವವರು ತಕ್ಕಡಿ ತಂದರೆ ಕಾಲು ಕಿಲೋ, ಅರ್ಧ ಕಿಲೋ ಎಂದರೆ ಏನೆಂದು ಭಿನ್ನರಾಶಿಯ ಪಾಠ ತಾನಾಗಿ ನಡೆಯುತ್ತದೆ. ಪಠ್ಯದ ಆಚೆಗಿನ ಈ ಬದುಕನ್ನು ತರಗತಿಗೆ ತನ್ನಿ ಎಂದೇ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ತನ್ನ ತಂದೆಯ ಕಸುಬಿನ ಬಗ್ಗೆ ನಾಚುತ್ತಿದ್ದ ಮಗು ಅಂದು ಎದೆಯುಬ್ಬಿಸಿ ಮನೆಗೆ ಬರುತ್ತದೆ. ನಮ್ಮ ಬಗ್ಗೆ ಬೇರೆಯವರ ಮನೆಯ ಮಕ್ಕಳಿಗೆ, ಅವರ ಬಗ್ಗೆ ನಮ್ಮ ಮಕ್ಕಳಿಗೆ ಇರುವ ಎಷ್ಟೋ ತಪ್ಪು ತಿಳುವಳಿಕೆಗಳು ಇಂತಹ ಒಂದು ಗಂಟೆಯಲ್ಲಿ ಕರಗುತ್ತವೆ.

ಶಿಕ್ಷಕಿಯರಾಗಿರುವ ಸಹೋದರಿಯರಿಗೆ

ಈ ಪುಟ ಓದುವವರಲ್ಲಿ ಶಿಕ್ಷಕಿಯರೂ ಇದ್ದೀರಿ. ಹೆತ್ತವರು ತರಗತಿಗೆ ಬಂದರೆ ತಪಾಸಣೆಗೆ ಬಂದಂತೆ ಅನಿಸುವುದು ಸಹಜ. ಒಂದೇ ಶಾಲೆಯಲ್ಲಿ ಇಬ್ಬರೇ ಶಿಕ್ಷಕರಿದ್ದು, ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆಯ ಕೆಲಸ ಎಲ್ಲವೂ ಅವರ ಮೇಲೆಯೇ ಬಿದ್ದಿರುವುದನ್ನು ಬಲ್ಲೆ. ಆದರೂ ಒಂದು ಮಾತು. ಬಂದ ತಾಯಿಗೆ ಮೊದಲು ಕುರ್ಚಿ ಕೊಡಿ, ಮಗುವಿನ ಬಗ್ಗೆ ಮೊದಲು ಒಂದು ಒಳ್ಳೆಯ ಮಾತು ಹೇಳಿ. ಆಕೆಗೆ ಕನ್ನಡ ಬರುವುದಿಲ್ಲವೆಂದು ಮಗುವನ್ನೇ ದುಭಾಷಿ ಮಾಡಬೇಡಿ. ತನ್ನ ತಪ್ಪನ್ನು ತಾನೇ ತಾಯಿಗೆ ಅನುವಾದಿಸುವ ಮಗು ಪಾಪ, ಏನು ತಾನೇ ಹೇಳೀತು? ಇನ್ನೊಬ್ಬ ತಾಯಿಯನ್ನೋ ಸಹೋದ್ಯೋಗಿಯನ್ನೋ ಕರೆಯಿರಿ.

ಗೇಟಿನಿಂದ ಒಳಗೆ ಹೆತ್ತವರನ್ನು ಬಿಡದ ಖಾಸಗಿ ಶಾಲೆಗಳೂ ಇವೆ. ವರ್ಷಕ್ಕೆ ಸಾವಿರಾರು ರೂಪಾಯಿ ಶುಲ್ಕ ಕಟ್ಟುವ ತಾಯಿ ಹೊರಗಿನ ಬಿಸಿಲಲ್ಲಿ ನಿಂತು ಕಾವಲುಗಾರನ ಕೈಗೆ ಡೈರಿ ಕೊಟ್ಟು ಬರುತ್ತಾಳೆ. ಅಲ್ಲಿ ಒಬ್ಬೊಬ್ಬರಾಗಿ ಕೇಳಿದರೆ ಆಗದು, ಹತ್ತು ತಾಯಂದಿರು ಸೇರಿ ವಿನಯದಿಂದ ಕೇಳಿ. ನಮ್ಮ ಸಮುದಾಯದವರೇ ನಡೆಸುವ ಶಾಲೆಗಳು ಈ ವಿಷಯದಲ್ಲಿ ಮುಂದೆ ಬಂದು ದಾರಿ ತೋರಿಸಬೇಕಲ್ಲವೇ?

ಏಳನೇ ತರಗತಿಯ ಹೊಸ್ತಿಲು

ಇಷ್ಟೆಲ್ಲ ಯಾಕೆ ಎಂದು ಕೇಳುತ್ತೀರಾ? ಗುಬ್ಬಿ, ಕುಣಿಗಲ್ ಸುತ್ತಿನ ಊರುಗಳಲ್ಲಿ ಏಳನೇ ತರಗತಿ ಮುಗಿದ ಕೂಡಲೇ ಒಂದು ಪ್ರಶ್ನೆ ಮನೆಗೆ ಬರುತ್ತದೆ. ಪ್ರೌಢಶಾಲೆ ದೂರ. ಹುಡುಗಿ ದೊಡ್ಡವಳಾಗಿದ್ದಾಳೆ. ಬಸ್ಸಿನಲ್ಲಿ ಕಳಿಸುವುದೇ? ಮನೆಯಲ್ಲಿ ಒಂದು ಕೈ ಬೀಡಿಗೆ, ಹೊಲಿಗೆಗೆ ಬೇಕಲ್ಲ? ಆ ಮಾತುಕತೆ ನಡೆಯುವುದು ರಾತ್ರಿ, ಊಟದ ನಂತರ, ಹಿರಿಯರ ನಡುವೆ. ಅಲ್ಲಿ ಶಾಲೆಯ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ. ಏಳು ವರ್ಷ ಶಾಲೆಯ ಒಳಗೆ ಕಾಲಿಡದ ತಾಯಿಗೆ ಮಗಳ ಓದಿನ ಬಗ್ಗೆ ಹೇಳಲು ಏನೂ ಇರುವುದಿಲ್ಲ. ಆಕೆ ಸುಮ್ಮನಿರುತ್ತಾಳೆ. ತಾಯಿಯ ಆ ಮೌನದಲ್ಲಿ ಹುಡುಗಿಯ ಓದು ನಿಂತುಹೋಗುತ್ತದೆ.

ವರ್ಷಕ್ಕೆ ಮೂರು ಸಲ ತರಗತಿಯಲ್ಲಿ ಕುಳಿತ ತಾಯಿಯಾದರೋ ಆ ರಾತ್ರಿ ಸುಮ್ಮನಿರಲಾರಳು. ಮಗಳು ಎದ್ದು ನಿಂತು ಉತ್ತರ ಹೇಳಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಾಳೆ. ಶಿಕ್ಷಕಿಯ ಹೆಸರು ಗೊತ್ತಿದೆ, ಫೋನ್ ನಂಬರ್ ಇದೆ. "ಇವಳು ಓದುವ ಹುಡುಗಿ, ನಾನೇ ನೋಡಿದ್ದೇನೆ. ಇನ್ನೂ ಮೂವರು ಹುಡುಗಿಯರು ಹೋಗುತ್ತಾರೆ, ಅವರ ತಾಯಂದಿರ ಜೊತೆ ಮಾತಾಡಿದ್ದೇನೆ, ಒಟ್ಟಿಗೆ ಹೋಗಲಿ" ಎನ್ನುವ ಧೈರ್ಯ ಆಕೆಗೆ ಬರುತ್ತದೆ. ಆ ಮಾತು ಹೇಳಲು ಬಿ.ಎ. ಬೇಕಾಗಿಲ್ಲ. ತರಗತಿಯ ಹಿಂದಿನ ಆ ಚಾಪೆಯ ಮೇಲೆ ಕುಳಿತ ಕೆಲವು ಗಂಟೆಗಳು ಸಾಕು.

ಮಕ್ಕಳು ನಮ್ಮ ಕೈಗೆ ಕೊಟ್ಟ ಅಮಾನತ್ ಎಂದು ನಾವು ನಂಬಿದವರು. ಅಮಾನತ್ತನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದಾಗ ಆಗಾಗ ಹೋಗಿ ನೋಡಿ ಬರುವುದು ಅಪನಂಬಿಕೆಯಲ್ಲ, ಜವಾಬ್ದಾರಿ. ಈ ವಾರವೇ ಮುಖ್ಯ ಶಿಕ್ಷಕರಲ್ಲಿ ಕೇಳಿ, ಒಂದು ದಿನ ಗೊತ್ತು ಮಾಡಿಕೊಳ್ಳಿ. ಮೊದಲ ದಿನ ನಿಮ್ಮ ಮಗು ತಿರುಗಿ ತಿರುಗಿ ನಿಮ್ಮನ್ನೇ ನೋಡುತ್ತದೆ. ಎರಡನೇ ಸಲ ಸ್ವಲ್ಪ ಕಡಿಮೆ. ಮೂರನೇ ಸಲ ನೀವು ಬಂದಿರುವುದನ್ನು ಮರೆತು ಪಾಠದಲ್ಲಿ ಮುಳುಗಿರುತ್ತದೆ. ಅಂದು ತಿಳಿಯಿರಿ, ನಿಮ್ಮ ಮನೆಗೂ ಶಾಲೆಗೂ ನಡುವಿನ ಗೋಡೆ ಬಿದ್ದಿದೆ.